ಹಿರಿಯರನ್ನು ಅಲುಗಾಡಿಸುವ ಹಾಗಿಲ್ಲ!

ಮನೆ ಬದಲಾಯಿಸುವುದೇನು ಮಹಾ ಕೆಲಸ! ಆರೇ ವಾರದಲ್ಲಿ ಮುಗಿಸಿ ತೋರಿಸುತ್ತೇನೆ ಎಂದು ಏಪ್ರಿಲ್ ತಿಂಗಳಲ್ಲಿ ನನ್ನ ಹೆಂಡತಿ ಡೋರೀನ್‌ಳ ಎದುರು ಮೇಜು ಗುದ್ದಿ ಸಾರಿದವನು ನಾನು, ವಿಲ್ಫ್. ಗುದ್ದಿದ ರಭಸಕ್ಕೆ ಟೀ ಕಪ್ಪು ಉರುಳಿತು. ಶಕುನ ಅಂದೇ ಕೆಟ್ಟಿತ್ತು!

ಅವಸರಕ್ಕೆ ಕಾರಣವೂ ಇತ್ತು. ಡೋರೀನ್‌ಳ ಎರಡೂ ಮಂಡಿ ಸವೆದುಹೋಗಿವೆ. ನಮ್ಮ ಮನೆಯಲ್ಲಿ ಮಲಗುವ ಕೋಣೆ, ಬಚ್ಚಲು, ಪಾಯಿಖಾನೆ ಎಲ್ಲವೂ ಹದಿನಾಲ್ಕು ಮೆಟ್ಟಿಲ ಮೇಲೆ. ಅವಳು ದಿನಕ್ಕೆ ಆರು ಸಲ ಪಕ್ಕದ ಕಂಬಿ ಹಿಡಿದು ಹಲ್ಲು ಕಚ್ಚಿಕೊಂಡು ಹತ್ತುವುದನ್ನು ನೋಡಲಾಗುತ್ತಿರಲಿಲ್ಲ. ಊರಾಚೆ ಸಗ್ಡನ್ ದಂಪತಿಗಳ ಮನೆ ಮಾರಾಟಕ್ಕೆ ಬಂದಿತು. ಒಂದೇ ಅಂತಸ್ತು, ಒಂದೂ ಮೆಟ್ಟಿಲಿಲ್ಲ! ಅಷ್ಟು ಕಂಡದ್ದೇ ಸಾಕು, ಹಿತ್ತಿಲನ್ನೂ ನೋಡದೆ ಒಪ್ಪಿಬಿಟ್ಟೆ.

ಆದರೆ ನಮ್ಮ ವೇಕ್‌ಫೀಲ್ಡಿನಲ್ಲಿ ಮನೆ ಕೊಳ್ಳುವುದು ಒಬ್ಬರ ಕೈಯಲ್ಲಿರುವ ಕೆಲಸವಲ್ಲ. ನಮ್ಮ ಮನೆಯನ್ನು ಒಂದು ಎಳೆಯ ಜೋಡಿ ಕೊಳ್ಳಬೇಕು. ಆಮೇಲೆ ನಾವು ಸಗ್ಡನ್‌ರ ಮನೆ, ಸಗ್ಡನ್‌ರು ಒಬ್ಬ ಹಲ್ಲಿನ ಡಾಕ್ಟರ ಮನೆ, ಡಾಕ್ಟರು ಇನ್ಯಾರದೋ ಮನೆ. ಇದಕ್ಕೆ ಸರಪಳಿ ಎನ್ನುತ್ತಾರೆ. ಎಲ್ಲರ ಸಹಿಯೂ ಒಂದೇ ದಿನ ಬೀಳಬೇಕು. ಅಲ್ಲಿಯವರೆಗೆ ಯಾರು ಬೇಕಾದರೂ ಕೈಕೊಡಬಹುದು. ಒಬ್ಬ ಕೈಕೊಟ್ಟನೋ, ಎಲ್ಲರ ಮನೆಯೂ ಗೋತಾ!

ಇಂಥ ಹೊತ್ತಿನಲ್ಲಿ ವಕೀಲೆ ಮಿಸ್ ಫಾರರ್ ಒಂದು ಫಾರಂ ಕೊಟ್ಟರು. ಮನೆ ಮಾರುವವರು ಏನು ಬಿಟ್ಟುಹೋಗುತ್ತಾರೆ, ಏನು ಹೊತ್ತುಕೊಂಡು ಹೋಗುತ್ತಾರೆ ಎಂದು ಅದರಲ್ಲಿ ಬರೆಯಬೇಕು. ಬಲ್ಬು, ಪರದೆಯ ಸರಳು, ಪಾಯಿಖಾನೆಯ ಕಾಗದದ ಸುರುಳಿ ಸಿಕ್ಕಿಸುವ ಕೊಕ್ಕೆ, ಎಲ್ಲಕ್ಕೂ ಒಂದೊಂದು ಚೌಕ. ಉದಾರವಾಗಿ ಎಲ್ಲವನ್ನೂ ಬಿಟ್ಟುಕೊಟ್ಟೆ. ಕೊನೆಗೆ ಬಂತು: ಹಿತ್ತಿಲ ಗಿಡಗಳು.

ನನ್ನ ರೂಬಾರ್ಬ್! ನಮ್ಮಪ್ಪ ನೆಟ್ಟಿದ್ದು. ತೋಳಿನ ಗಾತ್ರದ ಕೆಂಪು ದಂಟು, ಕಣ್ಣು ಮುಚ್ಚಿಸುವ ಹುಳಿ, ನಲವತ್ತೆರಡು ವರ್ಷದ ಬೇರು. ಅದನ್ನು ಯಾರೋ ನಿನ್ನೆ ಮೊನ್ನೆ ಮದುವೆಯಾದ ಹುಡುಗರಿಗೆ ಬಿಡುವುದೆ? ಸಾಧ್ಯವೇ ಇಲ್ಲ! ಆದರೆ ರೂಬಾರ್ಬನ್ನು ಬೇಸಿಗೆಯಲ್ಲಿ ಕಿತ್ತರೆ ಸಾಯುತ್ತದೆ. ಎಲೆಯುದುರಿ ಅದು ನಿದ್ದೆ ಹೋಗುವುದು ನವೆಂಬರಿನಲ್ಲಿ.

"ನವೆಂಬರ್‌ಗೆ ಮುಂಚೆ ಸಹಿ ಹಾಕಲ್ಲ ಅಂತ ಬರೀರಿ" ಎಂದೆ.

"ಕಾರಣ ಏನಂತ ಬರೀಲಿ, ಸರ್?"

ರೂಬಾರ್ಬ್ ಎಂದರೆ ಊರೇ ನಗುತ್ತದೆ. ಇಲ್ಲಿ ಅದು ಬೀದಿ ಬೀದಿಯಲ್ಲೂ ಬುಟ್ಟಿಗಟ್ಟಲೆ ಸಿಗುತ್ತದೆ. "ಮನೆಯ ಹಿರಿಯರೊಬ್ಬರನ್ನ ಅಲ್ಲಿವರೆಗೂ ಅಲುಗಾಡಿಸೋ ಹಾಗಿಲ್ಲ ಅಂತ ಬರೀರಿ."

"ಅಯ್ಯೋ, ತಾಯಿಯವರಾ?"

"ಅಪ್ಪನ ಕಡೆಯವರು" ಎಂದೆ. ಅದರಲ್ಲಿ ಸುಳ್ಳೇನಿದೆ, ನೀವೇ ಹೇಳಿ!

ಆರು ವಾರ ಹನ್ನೊಂದು ವಾರವಾಯಿತು. ಡೋರೀನ್ ಕೇಳಿದಾಗಲೆಲ್ಲ "ಸರಪಳಿಯಲ್ಲಿ ಮೇಲಿನವರು ಸತಾಯಿಸ್ತಿದ್ದಾರೆ ಕಣೇ, ಬಲು ಖದೀಮರು" ಎನ್ನುತ್ತಿದ್ದೆ. ಒಂದು ಶನಿವಾರ ಅವಳು ಕೋಲು ಹಿಡಿದು ಎದ್ದಳು.

"ನಡಿ, ಸಗ್ಡನ್ ಮನೆಗೆ. ಯಾರು ಸತಾಯಿಸ್ತಿದ್ದಾರೆ ಅಂತ ನಾನೇ ಕೇಳ್ತೀನಿ."

"ವಕೀಲರನ್ನ ಬಿಟ್ಟು ನೇರ ಮನೆಗೇ ಹೋಗೋದಾ? ಮರ್ಯಾದಸ್ಥರು ಯಾರಾದ್ರೂ ಹಾಗೆ ಮಾಡ್ತಾರಾ?"

"ಮರ್ಯಾದೆ ನೀನಿಟ್ಕೋ. ಮಂಡಿ ನನ್ನದು."

ಸಗ್ಡನ್ ಮನೆಯ ಬಾಗಿಲು ತೆರೆದದ್ದೇ ತಡ, ಸಗ್ಡನ್‌ನ ಹೆಂಡತಿ ಡೋರೀನ್‌ಳನ್ನು ತಬ್ಬಿಕೊಂಡು ಕಣ್ಣೊರೆಸಿಕೊಂಡರು.

"ಹೇಗಿದ್ದಾರಮ್ಮಾ ಅವರು? ತಗೊಳ್ಳಿ, ನಾನೇ ಹೆಣೆದಿದ್ದು. ಮಲಗಿದವರಿಗೆ ಕಾಲು ತಣ್ಣಗಾಗಬಾರದು" ಎಂದು ಉಣ್ಣೆಯ ಕಾಲುಚೀಲ ಕೊಟ್ಟರು!

ಸಗ್ಡನ್ ನಮಗೆ ಕುರ್ಚಿ ಸರಿಸಿದ. "ನಗದು ಕೊಟ್ಟು ನಾಳೆನೇ ತಗೋತೀನಿ ಅಂತ ಒಬ್ಬ ಬಂದಿದ್ದ. ಕಾಯಿಲೆಯವರನ್ನ ಅತಂತ್ರ ಮಾಡೋ ಜನ ನಾವಲ್ಲ ಅಂದೆ. ಆದ್ರೆ ನಮಗೆ ಮನೆ ಮಾರೋ ಹಲ್ಲಿನ ಡಾಕ್ಟರು ಸೋಮವಾರಕ್ಕೆ ಗಡುವು ಹಾಕಿದ್ದಾರೆ. ಅಷ್ಟರಲ್ಲಿ ನೀವು ಒಪ್ಪದಿದ್ರೆ ಈ ಮನೆ ನಗದಿನವನಿಗೇ ಹೋಗುತ್ತೆ. ತಪ್ಪು ತಿಳ್ಕೋಬೇಡಿ. ನೀವು ನವೆಂಬರ್ ಅಂದ್ರೆ..."

ನವೆಂಬರ್! ಡೋರೀನ್ ನಿಧಾನವಾಗಿ ನನ್ನ ಕಡೆ ತಿರುಗಿದಳು. ಮೂವತ್ತು ವರ್ಷದಿಂದ ರೂಬಾರ್ಬಿನ ನವೆಂಬರ್ ಮಹಾತ್ಮೆ ಕೇಳಿ ಕೇಳಿ ಅವಳ ಕಿವಿ ತೂತಾಗಿತ್ತು.

"ಓ, ಅವರಾ!" ಎಂದಳು. "ಇನ್ನು ಹೆಚ್ಚು ಹೊತ್ತು ಉಳಿಯಲ್ಲ ಅನ್ಸುತ್ತೆ."

ಕಾರಿನಲ್ಲಿ ಕುರುಕ್ಷೇತ್ರ!

"ಒಂದು ಗಿಡಕ್ಕೋಸ್ಕರ ಹನ್ನೊಂದು ವಾರ ನನ್ನನ್ನ ಮೆಟ್ಟಿಲು ಹತ್ತಿಸಿದ್ಯಾ?"

"ಗಿಡ ಅಲ್ಲ, ಪಿತ್ರಾರ್ಜಿತ! ಜೀವ ಹೋದ್ರೂ ಬಿಡಲ್ಲ!"

"ನಿಂದಾ, ಅದರದ್ದಾ?" ಎಂದಳು.

ನಾನು ಜಗ್ಗಲಿಲ್ಲ. ರಾತ್ರಿ ಸೋಫಾದ ಮೇಲೆ ಮಲಗಿದೆನೇ ಹೊರತು ಜಗ್ಗಲಿಲ್ಲ. ಭಾನುವಾರ ಬೆಳಿಗ್ಗೆ ಎದೆ ಸೆಟೆಸಿಕೊಂಡೇ ಪೇಪರ್ ತರಲು ಹೋದೆ. ವಾಪಸು ಬಂದರೆ ಮನೆ ತುಂಬ ಬೆಣ್ಣೆ ಸಕ್ಕರೆಯ ಘಮ. ಹಿತ್ತಿಲಿಗೆ ಓಡಿದೆ. ಒಂದು ದಂಟೂ ಉಳಿದಿರಲಿಲ್ಲ! ಬೋಳು ನೆಲದ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ತೊಡೆಯ ಮೇಲೆ ಚಾಕು ಇಟ್ಟುಕೊಂಡು ಡೋರೀನ್ ಕೂತಿದ್ದಳು.

"ಹಿರಿಯರು ಹೋಗ್ಬಿಟ್ರು ವಿಲ್ಫ್. ಎಂಟು ಗಂಟೆಗೆ. ಬೇರು ಆ ಹುಡುಗರಿಗಿರಲಿ. ಕರೀ ಕೋಟು ಹಾಕ್ಕೋ, ಸಗ್ಡನ್‌ಗೆ ಹೇಳಿ ಬರೋಣ."

ಹಾಗೆ ನಾನು, ದುಃಖತಪ್ತ ವಾರಸುದಾರ, ದಂಟಿನ ಮೇಲೆ ಬೆಣ್ಣೆ ಸಕ್ಕರೆ ಹಿಟ್ಟು ಉದುರಿಸಿ ಬೇಯಿಸಿದ ಬಿಸಿ ಬಿಸಿ ರೂಬಾರ್ಬ್ ಕ್ರಂಬಲ್‌ನ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಸಗ್ಡನ್‌ರ ಮನೆಗೆ ಮೆರವಣಿಗೆ ಹೋದೆ. ಸಗ್ಡನ್ ಟೊಪ್ಪಿ ತೆಗೆದ. ಅವನ ಹೆಂಡತಿ ಅತ್ತರು. ಅಳುತ್ತಲೇ ಎಲ್ಲರಿಗೂ ಬಡಿಸಿ ಮೇಲೆ ಕಸ್ಟರ್ಡ್ ಸುರಿದರು.

"ವಯಸ್ಸೆಷ್ಟಾಗಿತ್ತು?" ಎಂದ ಸಗ್ಡನ್, ಬಾಯಿ ತುಂಬ ಕ್ರಂಬಲ್.

"ನಲವತ್ತೆರಡು" ಎಂದುಬಿಟ್ಟೆ.

ಚಮಚಗಳು ನಿಂತವು. ಸಗ್ಡನ್ ನನ್ನ ನರೆತ ತಲೆಯನ್ನು ನೋಡಿದ. "ನಲವತ್ತೆರಡಾ? ಹಿರಿಯರು ಅಂದ್ರಿ?"

ಡೋರೀನ್ ತಟ್ಟೆ ಕೆಳಗಿಟ್ಟಳು. "ಸುಳ್ಳು ಹೇಳಿ ನಿಮ್ಮ ಕಾಲುಚೀಲ ಇಟ್ಕೊಳ್ಳಕ್ಕೆ ನನಗೆ ಮನಸ್ಸಿಲ್ಲಪ್ಪಾ. ಆ ಹಿರಿಯರು ಈಗ ನಿಮ್ಮ ತಟ್ಟೇಲೇ ಇದ್ದಾರೆ."

ಎಲ್ಲವನ್ನೂ ಹೇಳಿದಳು. ಒಂದನ್ನೂ ಬಿಡಲಿಲ್ಲ. ಮನೆ ಹೋಯಿತು ಎಂದುಕೊಂಡೆ. ಡೋರೀನ್‌ಳ ಮುಖ ನೋಡಿದೆ. ಮೊದಲ ಸಲ ನನಗೆ ನಿಜವಾಗಿ ನಾಚಿಕೆಯಾಯಿತು.

ಸಗ್ಡನ್ ತಟ್ಟೆ ಪಕ್ಕಕ್ಕಿಟ್ಟ. ಆಮೇಲೆ ಎದ್ದು ಹೋಗಿ ಹಿಂದಿನ ಕಿಟಕಿಯ ಪರದೆ ಸರಿಸಿದ. ಹಿತ್ತಿಲಲ್ಲಿ ಮೂರು ಸಾಲು ರೂಬಾರ್ಬ್ ಆಳೆತ್ತರಕ್ಕೆ ಬೆಳೆದು ನಿಂತಿತ್ತು!

"ನಾಳೆ ಸಹಿ ಹಾಕಿ, ಮನೆ ನಿಮ್ಮದೇ. ಈ ಗಿಡಗಳನ್ನೂ ನಿಮಗೇ ಬಿಟ್ಟು ಹೋಗ್ತೀವಿ ಅಂತ ನಮ್ಮ ಫಾರಂನಲ್ಲಿ ಬರೆದು ಏಪ್ರಿಲ್‌ನಲ್ಲೇ ಕಳಿಸಿದ್ವಲ್ಲ, ಓದಲಿಲ್ವಾ? ರೂಬಾರ್ಬನ್ನ ಯಾವ ಹುಚ್ಚ ಹೊತ್ಕೊಂಡು ಹೋಗ್ತಾನೆ ಹೇಳಿ!"

ಮೂವರೂ ನನ್ನನ್ನೇ ನೋಡಿದರು. ಆದರೂ ನಾನು ತಲೆ ತಗ್ಗಿಸಲಿಲ್ಲ! ಎದೆಯುಬ್ಬಿಸಿ, ತಟ್ಟೆ ಮುಂದೆ ಚಾಚಿ, ಗಟ್ಟಿ ದನಿಯಲ್ಲಿ ಹೇಳಿದೆ:

"ಕಸ್ಟರ್ಡ್ ಸ್ವಲ್ಪ ಜಾಸ್ತಿ ಹಾಕಿ."