ವಜ್ರಬಾಣದ ಸೇವಾಚರಿತ್ರೆ

"ಧರ್ಮಾ, ನಿನ್ನ ಹಡಗು ಇವತ್ತು ರಿಟೈರ್ ಆಗ್ತೈತಂತೆ! ಅದರ ಕತೆನೆಲ್ಲ ಟೀವೀಲಿ ತೋರಿಸ್ತಾರಂತೆ ಕಣೋ!" ಎಂದು ಪಕ್ಕದ ತೋಟದ ಕುಳ್ಳಯ್ಯ ಬೇಲಿಯಾಚೆಯಿಂದ ಕೂಗಿದಾಗ ಧರ್ಮ ಕುಡಿಯುತ್ತಿದ್ದ ಕಾಫಿಯನ್ನು ಅರ್ಧಕ್ಕೇ ಕೆಳಗಿಟ್ಟ.

'ವಜ್ರಬಾಣ' ಕ್ಷಿಪಣಿ ಹಾರಿಸುವ ಯುದ್ಧನೌಕೆ. ಅದರಲ್ಲಿ ದುಡಿದು, ನಿವೃತ್ತನಾಗಿ, ಧರ್ಮ ಹಾನುಬಾಳಿನ ಹತ್ತಿರದ ತನ್ನ ಊರಿಗೆ ಮರಳಿದ್ದ. ಆದರೆ ಹಡಗಿನಲ್ಲಿ ಅವನು ಸಿಡಿಸಿದ್ದು ಸಾಸಿವೆ ಮಾತ್ರ. ಅವನು ಹಡಗಿನ ಅಡುಗೆಯವನು. ಸೇರಿದ ಹೊಸದರಲ್ಲಿ ಅವ್ವ ಮಾದೇವಮ್ಮ "ಏನು ಕೆಲಸ ಮಗಾ?" ಎಂದು ಕೇಳಿದಾಗ, ಅವಳ ಮುಖದ ಆಸೆ ನೋಡಲಾರದೆ "ಮಿಸೈಲು ವಿಭಾಗ" ಎಂದುಬಿಟ್ಟಿದ್ದ. ಅವ್ವ ಅದನ್ನು ಊರಿಗೆಲ್ಲ ಹಂಚಿದಳು.

ಅವನು ಊರಿಗೆ ಮರಳಿದಂದಿನಿಂದ ತೋಟಕ್ಕೆ ಆನೆ ನುಗ್ಗಿದಾಗಲೆಲ್ಲ ಪಟಾಕಿ ಕೈಗೆ ಕೊಟ್ಟು ಧರ್ಮನನ್ನೇ ಮುಂದೆ ಬಿಡುತ್ತಿದ್ದರು. ಹೋದ ಸಲ ಅವನು ಆನೆಗಿಂತ ಮುಂದೆ ಓಡಿದ್ದ. ಆನೆಗೆ ಕಾಡಿನ ದಾರಿ ತೋರಿಸಿದನೆಂದು ಜನ ಅದಕ್ಕೂ ಹೊಗಳಿದ್ದರು.

ಆನೆಯಾದರೂ ಸರಿ. ಆದರೆ ಟೀವಿಯಲ್ಲಿ ತನ್ನ ಸೌಟು ಕಂಡರೆ ಊರವರೆದುರು ಅವ್ವ ತಲೆ ತಗ್ಗಿಸಬೇಕಲ್ಲ!

"ನಮ್ಮ ಟೀವಿ ಕೆಟ್ಟೈತೆ ಕಣಣ್ಣ," ಎಂದ.

"ನಮ್ಮನೇದು ಐತಲ್ಲ ಮಾರಾಯ! ಊರೋರೆಲ್ಲ ನೋಡ್ಲಿ," ಎಂದು ಕುಳ್ಳಯ್ಯ ಟೀವಿಯನ್ನು ತನ್ನ ಮನೆ ಮುಂದಿನ ಕಾಫಿ ಕಣಕ್ಕೇ ತಂದಿಟ್ಟ. ಎದುರುಮನೆಯ ನಂಜಮ್ಮ ಚಾಪೆ ಹಾಸಿದಳು. ದಿನವೂ ಕೈಕೊಡುವ ಕರೆಂಟು ಅವತ್ತು ಸಾಕುನಾಯಿಯ ಹಾಗೆ ಎಲ್ಲೂ ಹೋಗದೆ ಕೂತಿತ್ತು.

ಉಳಿದದ್ದು ಒಂದೇ ದಾರಿ. ಧರ್ಮ ಹಿತ್ತಿಲಿನಿಂದ ಕುಳ್ಳಯ್ಯನ ಮಾಡು ಹತ್ತಿ, ಡಿಶ್ ಹಿಡಿದು ಆಕಾಶದ ಯಾವುದೋ ಮೂಲೆಗೆ ತಿರುಗಿಸಿದ. ಕೆಳಗೆ ಚಪ್ಪಾಳೆ! ಅಲ್ಲಿಯವರೆಗೆ ಎಳ್ಳು ಚೆಲ್ಲಿದಂತಿದ್ದ ಚಿತ್ರ ಕನ್ನಡಿಯಂತಾಗಿತ್ತು.

"ಮಿಸೈಲು ಗುರಿ ಇಟ್ಟ ಕೈ ಕಣ್ರೀ!" ಎಂದಳು ನಂಜಮ್ಮ.

ಧರ್ಮ ಇಳಿದು ಬಂದು ಅವ್ವನ ಪಕ್ಕ ಮುದುರಿ ಕೂತ. ಮಾದೇವಮ್ಮ ಹಬ್ಬದ ಸೀರೆ ಉಟ್ಟು ಬಂದಿದ್ದಳು. ಅದನ್ನು ನೋಡಿ ಅವನಿಗೆ ಇನ್ನಷ್ಟು ಸಂಕಟವಾಯಿತು.

ಟೀವಿಯ ಹುಡುಗಿ ಹಡಗು ಕಡಲಿಗಿಳಿದದ್ದು, ಸುತ್ತಿದ ದೇಶಗಳು, ಗುರಿ ತಪ್ಪದ ಕ್ಷಿಪಣಿ ಅಭ್ಯಾಸ ಎಲ್ಲವನ್ನೂ ಹೇಳಿದಳು. ಅಡುಗೆಮನೆಯ ಸುದ್ದಿಯಿಲ್ಲ. ಧರ್ಮ ಉಸಿರುಬಿಟ್ಟ.

"ಚಂಡಮಾರುತಕ್ಕೆ ಸಿಕ್ಕ ಮುನ್ನೂರು ಮೀನುಗಾರರನ್ನು ಕಾಪಾಡಿ, ಅಷ್ಟೂ ಜನಕ್ಕೆ ಬಿಸಿ ಊಟ ಬಡಿಸಿದ್ದು ಈ ಹಡಗಿನ ಅತಿದೊಡ್ಡ ಸಾಧನೆ," ಎಂದಳು ಹುಡುಗಿ. ಪರದೆಯ ತುಂಬ ಧರ್ಮ! ಬಿಳಿ ಏಪ್ರನ್ನು, ದೋಣಿಯ ಹುಟ್ಟಿನಷ್ಟು ಉದ್ದದ ಸೌಟು, ಬಾಯ್ತುಂಬ ನಗು.

ಕಣದಲ್ಲಿದ್ದವರೆಲ್ಲ ಟೀವಿ ಬಿಟ್ಟು ಧರ್ಮನನ್ನು ನೋಡಿದರು.

"ಧರ್ಮಾ, ನೀನು ಅಡುಗೆಯೋನಾ?" ಎಂದ ಕುಳ್ಳಯ್ಯ.

ಧರ್ಮ ಅವ್ವನ ಕಡೆ ತಿರುಗಿದ. "ತಪ್ಪಾಯ್ತು ಕಣವ್ವ."

ಮಾದೇವಮ್ಮ ಅವನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. "ನಂಗೇನು ಹೊಸ ಸುದ್ದಿನೇನೋ? ಮೊದಲ್ನೇ ರಜಕ್ಕೆ ಬಂದಾಗ ಈರುಳ್ಳಿ ಹೆಚ್ಚಿದೆಯಲ್ಲ, ಕಣ್ಣು ಬೀದಿ ಕಡೆ, ಚಾಕು ಟಕಟಕಾಂತ. ಅವತ್ತೇ ಗೊತ್ತಾಗೋಯ್ತು."

"ಮತ್ತೆ ಊರಿಗೆಲ್ಲ ಮಿಸೈಲು ಮಿಸೈಲು ಅಂತ ಯಾಕೆ ಸಾರ್ತಿದ್ದೆ?"

ಅವ್ವ ಬಾಯಿ ತೆರೆಯುವ ಮೊದಲೇ ಕುಳ್ಳಯ್ಯ ಬಂದು ಧರ್ಮನನ್ನು ತಬ್ಬಿಕೊಂಡ. ಅವನ ಕಣ್ಣು ತುಂಬಿತ್ತು.

"ಮುನ್ನೂರು ಜನಕ್ಕೆ, ಅದೂ ಅಲ್ಲಾಡೋ ಹಡಗಲ್ಲಿ! ಇಷ್ಟು ವರ್ಷ ಮುಚ್ಚಿಟ್ಬುಟ್ಯಲ್ಲೋ ಮಾರಾಯ! ಮುಂದಿನ ವಾರ ನಮ್ಮ ಮಗಳು ಚಂದ್ರಿಕಾ ಮದ್ವೆ. ನಮ್ಮ ಕಣ ಅಲ್ಲಾಡಲ್ಲ ಕಣೋ!"

"ಅದಾದ್ಮೇಲೆ ನನ್ನ ಮೊಮ್ಮಗಳ ನಾಮಕರಣ!" ಎಂದಳು ನಂಜಮ್ಮ.

"ಆಮೇಲೆ ನಮ್ಮನೆ ಗೃಹಪ್ರವೇಶ!" ಹಿಂದಿನಿಂದ ಯಾರೋ ಕೂಗಿದರು.

ಮಾದೇವಮ್ಮ ಮಗನ ಕಿವಿಯ ಹತ್ತಿರ ಬಾಗಿದಳು.

"ಮಿಸೈಲು ಅಂತ ಸಾರಿದ್ದು ಇದಕ್ಕೇ ಕಣಪ್ಪ. ಆನೆ ಯಾವತ್ತೋ ಒಂದಿನ ಬರ್ತಾವೆ. ಮದ್ವೆ ವಾರವಾರ ಬರ್ತಾವೆ."