ಬೀರಣ್ಣನ ಕೆಮ್ಮು

ಸೋಮಲಿಂಗನ ನೌಕರಿ ಉಳಿಯಬೇಕಾದರೆ ಬೆಳಗಿನ ಬಸ್ಸು ಹೊರಡುವುದರೊಳಗೆ ಅವನ ಅಪ್ಪ ಬೀರಣ್ಣ ಒಮ್ಮೆ ಕೆಮ್ಮಬೇಕಿತ್ತು.

ಬೆಳಗಾವಿಯ ಸಣ್ಣ ಕಂಪನಿಯೊಂದರಲ್ಲಿ ಸೋಮಲಿಂಗನಿಗೆ ಸದ್ದು ಹೊಂದಿಸುವ ಕೆಲಸ. ಅಲ್ಲಿ ಡಾಕ್ಟರಿಕೆ ಕಲಿಯುವವರಿಗಾಗಿ ವಿಆರ್ ಹೆಡ್‌ಸೆಟ್ ತಯಾರಾಗುತ್ತಿತ್ತು. ಅದನ್ನು ಕಣ್ಣಿಗೆ ಕಟ್ಟಿಕೊಂಡವರಿಗೆ ಎದುರಿಗೆ ದೊಡ್ಡ ಆಸ್ಪತ್ರೆಯೇ ಕಾಣುತ್ತದೆ. ನಿಜವಾಗಿ ಎದುರಿಗಿರುವ ಗೋಡೆ ಮಾತ್ರ ಕಾಣುವುದಿಲ್ಲ. ಗೋಡೆ ಹತ್ತಿರ ಬಂದಾಗ ಕಿವಿಯಲ್ಲಿ ಸದ್ದು ಮಾಡಿ ಎಚ್ಚರಿಸಬೇಕು. ಸೋಮಲಿಂಗ ಬೀಪ್ ಹಾಕಿದ, ಗಂಟೆ ಹಾಕಿದ, ಹಾರ್ನ್ ಹಾಕಿದ. ನಡುರಸ್ತೆಯಲ್ಲಿ ಹಾರ್ನ್ ಹೊಡೆದರೂ ಸರಿಯದ ಜನ ಅದಕ್ಕೆಲ್ಲ ಸೊಪ್ಪು ಹಾಕಲಿಲ್ಲ. ಒಬ್ಬರಾದ ಮೇಲೊಬ್ಬರು ಹೋಗಿ ಗೋಡೆಗೆ ಹಣೆ ಚಚ್ಚಿಕೊಂಡರು.

"ನಾಳೆ ಮೆಡಿಕಲ್ ಕಾಲೇಜಿನ ಡಾಕ್ಟರು ನೋಡಾಕ ಬರ್ತಾರ. ಅವರೂ ಗ್ವಾಡಿಗೆ ಹೊಡಕೊಂಡ್ರ ನಾಡದ್ದಿಂದ ನೀ ಬರೂದ ಬ್ಯಾಡ," ಎಂದು ಹಿಂದಿನ ದಿನ ಹೇಳಿದ್ದ ಮಾಲಕ ಪ್ರಸಾದ.

ಆ ಸಂಜೆ ಖಾನಾಪುರದ ಮನೆಯಲ್ಲಿ ಅವ್ವ ಕಾಡವ್ವ ನೆರೆಮನೆಯ ಗಂಗಾದೇವಿಯ ಜೊತೆ ಹರಟುತ್ತಿದ್ದಾಗ ಹೊಸ್ತಿಲಾಚೆ ಬೀರಣ್ಣ ಕೆಮ್ಮಿದ. ಒಳಗೆ ಹೆಂಗಸರಿದ್ದರೆ ಹಿರಿಯರು ಕೆಮ್ಮಿಯೇ ಬರುವುದು ಆ ಓಣಿಯ ರೀತಿ. ಕೇಳಿದ್ದೇ ತಡ, ಹೆಂಗಸರಿಬ್ಬರೂ ಸೆರಗು ತಲೆಗೆಳೆದುಕೊಂಡು ಎದ್ದರು. ಸೋಮಲಿಂಗ ಚಾಚಿದ್ದ ಕಾಲನ್ನು ತಾನಾಗಿಯೇ ಮಡಚಿಕೊಂಡ. ಮಡಚಿದ ಕಾಲನ್ನು ನೋಡುತ್ತ ಕುಳಿತವನಿಗೆ ಉಪಾಯ ಹೊಳೆಯಿತು.

ಆದರೆ ರಾತ್ರಿಯೆಲ್ಲ ಕೆಮ್ಮಿದ ಬೀರಣ್ಣ, ಬೆಳಿಗ್ಗೆ ಮೊಬೈಲು ಬಾಯಿಯ ಮುಂದೆ ಬಂದಾಗ ಫೋಟೋಕ್ಕೆ ಕುಳಿತವನಂತೆ ಬಿಗಿದುಕೊಂಡ.

"ಕೆಮ್ಮಪ್ಪಾ."

"ಬರವಲ್ದೋ."

"ರಾತ್ರಿ ನಿದ್ದಿ ಮಾಡಾಕ ಬಿಡಲಿಲ್ಲ, ಈಗ ಬರವಲ್ದಂತ!" ಎಂದಳು ಕಾಡವ್ವ.

ಗಂಗಾದೇವಿಯ ಬಾಯಿಗೆ ಬಿದ್ದ ಸುದ್ದಿ ಓಣಿ ಸುತ್ತಿತು. ಎದುರುಮನೆಯ ಸಿದ್ದಪ್ಪ ಬಂದು, "ಅವಂದೇನ್ ಕೆಮ್ಮೋ? ನಂದು ತುಂಬಕೋ," ಎಂದು ಕೆಮ್ಮಿ ತೋರಿಸಿದ. ಅದಕ್ಕೆ ಮೂಲೆಯಲ್ಲಿ ಮಲಗಿದ್ದ ಬೆಕ್ಕೂ ತಲೆ ಎತ್ತಲಿಲ್ಲ.

"ಹಂಚಿನ ಮ್ಯಾಲ ಒಣ ಮೆಣಸಿನಕಾಯಿ ಒಗೀರಿ. ಹೆಂಗ ಬರೂದಿಲ್ಲ ನೋಡೂಣು," ಎಂದಳು ಗಂಗಾದೇವಿ.

ಒಗೆದರು. ಘಾಟಿಗೆ ಕಾಡವ್ವ ಕೆಮ್ಮಿದಳು, ಗಂಗಾದೇವಿ ಕೆಮ್ಮಿದಳು, ಸಿದ್ದಪ್ಪ ಕೆಮ್ಮುತ್ತ ಕೆಮ್ಮುತ್ತ ಕಟ್ಟೆಯ ಮೇಲೆ ಕುಸಿದ. ಬೀರಣ್ಣ ಮಾತ್ರ ಕಣ್ಣೊರೆಸಿಕೊಂಡು, "ಭಾಳ ಘಾಟ ಐತಿ," ಎಂದ.

ಸೋಮಲಿಂಗ ಸೋತು ಬೂಟು ಹಾಕಿಕೊಳ್ಳತೊಡಗಿದ. ಕುರಿಗಳಿಗೆ ಮೇವು ಹಾಕಲು ಹೋದ ಬೀರಣ್ಣ ತಿರುಗಿ ಬಂದು, ಒಳಗೆ ಗಂಗಾದೇವಿ ಇನ್ನೂ ಇರುವುದನ್ನು ಕಂಡು, ಹೊಸ್ತಿಲಲ್ಲೇ ನಿಂತು ಕೆಮ್ಮಿದ. ಮೊದಲು ಗಂಟಲು ಸರಿಮಾಡಿಕೊಳ್ಳುವ ಕೆಮ್ಮು. ಅದರ ಬೆನ್ನಿಗೇ ಆಳದಿಂದೆದ್ದು ಬಹಳ ಹೊತ್ತು ನಿಲ್ಲದ ಕೆಮ್ಮು. ರೆಕಾರ್ಡಿಂಗ್ ನಿಲ್ಲಿಸಲು ಮರೆತು ಪಕ್ಕಕ್ಕಿಟ್ಟಿದ್ದ ಮೊಬೈಲು ಎಲ್ಲವನ್ನೂ ತುಂಬಿಕೊಂಡಿತು. "ಸಿಕ್ತು!" ಎನ್ನುತ್ತ ಸೋಮಲಿಂಗ ಬಸ್‌ಸ್ಟ್ಯಾಂಡಿಗೆ ಓಡಿದ. ಬೀರಣ್ಣ ಬಾಗಿಲು ಹಿಡಿದುಕೊಂಡು ಇನ್ನೂ ಕೆಮ್ಮುತ್ತಲೇ ಇದ್ದ.

ಕಂಪನಿಯಲ್ಲಿ ಪ್ರಸಾದನೇ ಮೊದಲು ಹೆಡ್‌ಸೆಟ್ ಕಟ್ಟಿಕೊಂಡ. ಗೋಡೆ ಹತ್ತಿರವಾದಾಗ ಅವನ ಕಿವಿಯಲ್ಲಿ ಬೀರಣ್ಣ ಕೆಮ್ಮಿದ. ಪ್ರಸಾದ ಗಕ್ಕನೆ ನಿಂತು, ಕೈಯಲ್ಲಿದ್ದ ಗುಟ್ಕಾ ಪೊಟ್ಟಣವನ್ನು ಬೆನ್ನ ಹಿಂದೆ ಅಡಗಿಸಿದ.

"ಶಾಬಾಸ್! ನಮ್ಮ ಅಜ್ಜನ ಬಂದಂಗಾತಲ್ಲೋ!"

ಉಳಿದವರೂ ಕಟ್ಟಿಕೊಂಡು ನೋಡಿದರು. ಯಾರ ಹಣೆಯೂ ಗೋಡೆ ಮುಟ್ಟಲಿಲ್ಲ. ನೌಕರಿ ಗಟ್ಟಿಯಾಯಿತೆಂದು ಸೋಮಲಿಂಗ ಎಲ್ಲರ ಬಾಯಿ ಸಿಹಿ ಮಾಡಲು ಕುಂದಾ ತರಿಸಿದ.

ಮಧ್ಯಾಹ್ನ ಡಾಕ್ಟರ್ ಪ್ರಮಿಳಾ ಬಂದರು. ಎದೆರೋಗದ ಡಾಕ್ಟರು. ಹೆಡ್‌ಸೆಟ್ ಕಟ್ಟಿಕೊಂಡು ನಡೆಯುತ್ತ ನಡೆಯುತ್ತ ಕಂಬದ ಸಮೀಪ ಬಂದರು. ಬೀರಣ್ಣ ಕೆಮ್ಮಿದ. ಡಾಕ್ಟರು ನಿಲ್ಲಲಿಲ್ಲ. ಕಿವಿಗೊಟ್ಟು, ಕೆಮ್ಮು ಬಂದ ಕಡೆಗೇ ತಿರುಗಿದರು. ಬೀರಣ್ಣ ಇನ್ನೂ ಜೋರಾಗಿ ಕೆಮ್ಮಿದ. "ಕುಂದರ್ರಿ, ಕುಂದರ್ರಿ, ಬಂದೆ," ಎನ್ನುತ್ತ ಡಾಕ್ಟರು ಬಿರಬಿರನೆ ಹೋಗಿ ಕಂಬಕ್ಕೆ ಹಣೆ ಕೊಟ್ಟರು.

ಪ್ರಸಾದ ಸೋಮಲಿಂಗನ ಕಿವಿಯ ಹತ್ತಿರ ಬಂದು, "ನಾಳಿಂದ ಬರಬ್ಯಾಡ," ಎಂದ.

ಡಾಕ್ಟರು ಹಣೆ ತಿಕ್ಕಿಕೊಳ್ಳುತ್ತ ಹೆಡ್‌ಸೆಟ್ ತೆಗೆದರು. "ಈ ಕೆಮ್ಮು ಯಾರ್ದು?"

"ತಪ್ಪಾತ್ರಿ ಮೇಡಂ. ನಮ್ಮಪ್ಪಂದು."

"ಎಷ್ಟು ದಿನದಿಂದ ಐತಿ?"

ಮಳೆಗಾಲದಿಂದಲೋ, ಅದಕ್ಕೂ ಮೊದಲಿನಿಂದಲೋ, ಸೋಮಲಿಂಗನಿಗೆ ಗೊತ್ತಿರಲಿಲ್ಲ. "ಹಿರ್ಯಾರು ಒಳಗ ಬರೂ ಮುಂದ ಕೆಮ್ಮತಾರಲ್ರೀ, ಹಂಗ…"

"ಮೊದಲಿಂದು ಹಂಗ ಐತಿ. ಆಮ್ಯಾಲಿಂದು ಹಂಗಲ್ಲ. ನಾಳೆನ ಕರಕೊಂಡು ಬರ್ರಿ. ತಡಾ ಮಾಡಬ್ಯಾಡ್ರಿ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಸೋಮಲಿಂಗನಿಗೆ ಹೆದರಿಕೆಯಾಯಿತು. ಊರಿನ ಸದ್ದುಗಳನ್ನೆಲ್ಲ ಸೋಸಿ ಸೋಸಿ ಕೇಳುವವನು ಮನೆಯೊಳಗಿನ ಅಪ್ಪನ ಕೆಮ್ಮನ್ನು ಒಂದು ದಿನವೂ ಕಿವಿಗೊಟ್ಟು ಕೇಳಿರಲಿಲ್ಲ. ತನ್ನ ಮೇಲೆ ತನಗೇ ಹೇಸಿಗೆಯಾಗಿ, ಹೊರಗೆ ಬಂದು ಫೋನು ಮಾಡಿದ.

"ಏನಾತೋ? ನನ್ನ ಕೆಮ್ಮು ಪಾಸಾತೇನು?" ಎಂದ ಬೀರಣ್ಣ.

"ಡಾಕ್ಟರು ಕೇಳಿದ್ರಪ್ಪಾ. ನಾಳೆ ನಿನ್ನ ಕರಕೊಂಡು ಬಾ ಅಂದಾರ."

"ಏ ಸಿದ್ದಪ್ಪಾ! ಕೇಳಿದೇನು?" ಬೀರಣ್ಣ ಓಣಿಗೆಲ್ಲ ಕೇಳುವಂತೆ ಕೂಗಿದ. "ಬೆಳಗಾವಿ ಡಾಕ್ಟರು ನನ್ನ ಕೆಮ್ಮಿಗೆ ಮೆಚ್ಚಿ ಖುದ್ದ ಕರಸಾಕತ್ತಾರ!" ಹಿಂದಿನಿಂದ ಕಾಡವ್ವನ ನಗು ಕೇಳಿಸಿತು. ಆಮೇಲೆ ಬೀರಣ್ಣ ದನಿ ತಗ್ಗಿಸಿ, "ಹೊಸಾ ರುಮಾಲ ಸುತ್ತಿಕೊಂಡು ಬರ್ಲೇನೋ?" ಎಂದ.

ಸೋಮಲಿಂಗ ನಿಜ ಹೇಳಲಿಲ್ಲ. "ಹೂಂ ಅಪ್ಪಾ, ಸುತ್ತಿಕೊಂಡು ಬಾ."

"ಹಂಗಾರ ಇವತ್ತ ರಾತ್ರಿ ಹೆಂಗಾರ ಮಾಡಿ ತಡಕೋತೀನಿ," ಎಂದ ಬೀರಣ್ಣ. "ಎಲ್ಲಾ ಕೆಮ್ಮೂ ನಾಳಿಗಿ ಇಟ್ಟಿರ್ತೀನಿ."