ಅಡಿನೀರಿನ ಸುಳಿಯೂ ನೋಲ್ಡಿಯ ಮದುವೆಯೂ

ಹೆಣ್ಣು ಕೇಳಲು ಹೋದವನು ತಿಂಡಿ ತಿಂದು, ಬಾಯಿ ಮುಚ್ಚಿಕೊಂಡು ಬಂದಿದ್ದರೆ ಏನೂ ಆಗುತ್ತಿರಲಿಲ್ಲ. ಕಡಲ ಸಂಶೋಧನಾ ಕಚೇರಿಯ ನೋಲ್ಡಿ, ಹುಡುಗಿ ಮೆಯ್ಸ್ಕೆಯ ಅಪ್ಪನ ಮುಂದೆ ತನ್ನ ವಿದ್ಯೆ ತೋರಿಸಲು ಹೋದ.

"ಉಪಗ್ರಹ ಕಡಲ ಮೇಲ್ಮೈ ಬಿಸಿ ಅಳೆಯುತ್ತೆ, ಓಮ್. ಲೆಂಬೆ ದ್ವೀಪದ ಆಚೆ ಒಂದು ಕಡೆ ನೀರು ತುಸು ತಣ್ಣಗಿದೆ. ಮೇಲೆ ನೋಡಿದ್ರೆ ಏನೂ ಕಾಣಲ್ಲ. ಅಡಿಯಲ್ಲಿ ದೊಡ್ಡ ಸುಳಿ ತಿರುಗ್ತಾ ತಣ್ಣೀರನ್ನ ಮೇಲಕ್ಕೆ ತಳ್ತಿದೆ."

ಅಪ್ಪ ಓಮ್ ಬರ್ತಿ, ಅಂದರೆ ಬರ್ತಿ ಮಾಮ, ಬಂದರೂರು ಬಿತುಂಗ್‌ನ ಹುಟ್ಟಾ ಮೀನುಗಾರರು. ತಟ್ಟೆ ಪಕ್ಕಕ್ಕೆ ತಳ್ಳಿ ಎದ್ದರು. "ನಂಗೆ ಕಾಣದ ಸುಳಿ ನಿಂಗೆ ಕಂಡಿತೋ? ನಡಿ, ಈಗಲೇ ತೋರಿಸು. ಸಿಗದಿದ್ರೆ ನನ್ನ ಮಗಳ ಹೆಸರು ಎತ್ತಬೇಡ."

ನೋಲ್ಡಿ ಕಚೇರಿಗೆ ಫೋನಲ್ಲಿ ತಿಳಿಸಿ, ತನ್ನ ಉಷ್ಣಮಾಪಕ ಹಿಡಿದು ಹೊರಟ. ಎಲ್ಲರೂ ಅತ್ತೆ ಎನ್ನುವ ಪಕ್ಕದ ಮನೆಯ ತಾಂತಾ ಸೋಫಿ ಕರೆಯದೆಯೇ ದೋಣಿ ಹತ್ತಿದರು. "ಎಸಿಯಲ್ಲಿ ಕೂತವನಿಗೆ ಕಡಲ ಹೊಟ್ಟೆ ಕಾಣುತ್ತಂತೆ. ನನ್ನ ಮಂಡಿನೋವು ಯಾಕೆ ಅಂತಾನೂ ಹೇಳ್ಲಿ ನೋಡೋಣ."

ಅರ್ಧ ದಾರಿಯಲ್ಲಿ ಇಂಜಿನ್ ನಿಂತಿತು. ಮತ್ತೆ ಹೊರಟ ಮೇಲೆ, ನೋಲ್ಡಿ ಫೋನ್ ನೋಡಿ "ಎಡಕ್ಕೆ, ಓಮ್" ಅಂದಾಗಲೆಲ್ಲ ದೋಣಿ ಬಲಕ್ಕೆ ತಿರುಗಿತು. ತಾಂತಾ ಸೋಫಿ ಅವನ ಉಷ್ಣಮಾಪಕದ ಮೇಲೆಯೇ ಕೂತು ಅದನ್ನು ಎರಡು ಹೋಳು ಮಾಡಿದರು. ಕೊನೆಗೆ ನೋಲ್ಡಿಯೇ ಚುಕ್ಕಾಣಿ ಕಿತ್ತುಕೊಂಡು ಜಾಗ ಮುಟ್ಟಿಸಿದ.

ನೀರು ತಟ್ಟೆಯಲ್ಲಿಟ್ಟಂತೆ ಸುಮ್ಮನಿತ್ತು. ಹಗ್ಗಕ್ಕೆ ಕಬ್ಬಿಣದ ಗುಂಡು ಕಟ್ಟಿ ಇಳಿಬಿಟ್ಟ. ಹಗ್ಗ ನೆಟ್ಟಗೆ ಇಳಿಯಿತು. ಸುಳಿಯ ಸುಳಿವೇ ಇಲ್ಲ. ಇನ್ನಷ್ಟು ಬಿಟ್ಟ. ಆಳದಲ್ಲಿ ಯಾರೋ ಹಿಡಿದೆಳೆದಂತೆ ಅದು ಉತ್ತರಕ್ಕೆ ವಾಲಿತು. ದೂರ ಹೋಗಿ ಆಚೆ ಬದಿಯಲ್ಲಿ ಇಳಿಸಿದರೆ ದಕ್ಷಿಣಕ್ಕೆ ವಾಲಿತು. ಅಡಿಯಲ್ಲಿ ನೀರು ಸುತ್ತುತ್ತಿದೆ, ಅನುಮಾನವೇ ಇಲ್ಲ.

"ಅಬ್ಬಾ, ಬದುಕಿದೆ," ಎಂದು ನೋಲ್ಡಿ ಕುಸಿದು ಕೂತ. ಕಣ್ಣಲ್ಲಿ ನೀರೇ ಬಂತು.

ಯಾರೂ ಖುಷಿಪಡಲಿಲ್ಲ. "ಇಂಜಿನ್ನನ್ನ ಸರಿಯಾಗಿ ಕೆಡಿಸು ಅಂದೆ, ನೀನು ಕೇಳ್ಲಿಲ್ಲ," ಎಂದು ತಾಂತಾ ಸೋಫಿ ಓಮ್ ಬರ್ತಿಯನ್ನು ಬೈದರು.

ಓಮ್ ಬರ್ತಿ ನಿಟ್ಟುಸಿರುಬಿಟ್ಟರು. "ನೋಡಪ್ಪ, ವರ್ಷವರ್ಷ ಈ ಗಾಳಿಗೆ ಇದು ಇಲ್ಲಿಗೆ ಬರುತ್ತೆ. ಸುತ್ತ ಮೀನು ಸೇರುತ್ತೆ. ನಮ್ಮಪ್ಪನ ಕಾಲದಿಂದ ನಮ್ಮ ಬೀದಿ ಉಣ್ಣೋದೇ ಇದರಿಂದ. ಎಲ್ಲಿ ಹಿಡಿದ್ರಿ ಅಂತ ಕೇಳಿದೋರಿಗೆ ಕಡಲಲ್ಲಿ ಅಂತೀವಿ. ನೀನು ಊರಿಗೆಲ್ಲ ಸಾರೋಕೆ ಹೊರಟಿದ್ದೀಯ."

"ಹಾಗಾದ್ರೆ ಮೆಯ್ಸ್ಕೆ?"

"ಇಷ್ಟು ತಿಳಿದೋನನ್ನ ಹೊರಗೆ ಬಿಡೋಕಾಗುತ್ತಾ? ಭಾನುವಾರವೇ ಪಾದ್ರಿಗೆ ಹೇಳ್ತೀನಿ. ಮನೆ ಅಳಿಯ ಮನೆ ಗುಟ್ಟು ಬಿಟ್ಟುಕೊಡಲ್ಲ."

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಕಚೇರಿಯ ಮುಖ್ಯಸ್ಥೆ ಹೆಸ್ಟಿ ಮೇಡಂ. "ಸಿಕ್ತಾ ನಿನ್ನ ಸುಳಿ? ಎಲ್ಲರೂ ಕಾಯ್ತಾ ಇದ್ದೀವಿ."

ಮಾವನೂ ತಾಂತಾ ಸೋಫಿಯೂ ಕಣ್ಣು ಮಿಟುಕಿಸದೆ ನೋಡುತ್ತಿದ್ದರು.

"ಇಲ್ಲ ಮೇಡಂ," ಎಂದ ನೋಲ್ಡಿ. "ಚಿತ್ರಕ್ಕೆ ಮೋಡ ಅಡ್ಡ ಬಂದಿತ್ತು ಅನ್ಸುತ್ತೆ."

"ನಂಗೆ ಮೊದಲೇ ಗೊತ್ತಿತ್ತು. ಉಪಗ್ರಹ ಗಿಪಗ್ರಹ ಎಲ್ಲಾ ಸಾಕು. ನಾಳೆಯಿಂದ ಬಂದರಿನ ಧಕ್ಕೆ ಮೇಲೆ ಕೂತು ಭರತ ಇಳಿತ ಅಳೆ."

"ಆಗಲಿ ಮೇಡಂ," ಅಂದ ನೋಲ್ಡಿ. ಅಷ್ಟು ನೆಮ್ಮದಿಯಿಂದ ಅವನು ಹಿಂದೆಂದೂ ಬೈಸಿಕೊಂಡಿರಲಿಲ್ಲ.